ತಮ್ಮನ ತಲೆಯ ನಕ್ಷೆ

ಮದ್ದೂರು ಬಿಟ್ಟದ್ದು

ಜರ್ಮನಿಗೆ ಹೋಗಿ ಬಂದವರು ಕೋಟೆಗಳನ್ನೂ ಸೇತುವೆಗಳನ್ನೂ ಚರ್ಚಿನ ಗೋಪುರಗಳನ್ನೂ ಕುರಿತು ಬರೆಯುತ್ತಾರೆ. ಅವನ್ನೆಲ್ಲ ನೋಡಬೇಕೆಂದೇ ನಾನೂ ಹೊರಟಿದ್ದೆ. ಯಾವ ಕೋಟೆಯ ಯಾವ ಬಾಗಿಲು ಯಾವ ಶತಮಾನದ್ದೆಂದು ಮೊದಲೇ ಓದಿಕೊಂಡೂ ಇದ್ದೆ. ಕಡೆಗೆ ಕಣ್ತುಂಬ ನೋಡಿ ಬಂದದ್ದು ಒಂದನ್ನೇ: ನನ್ನ ಚಿಕ್ಕಪ್ಪನ ಮಗ ಪುಟ್ಟಸ್ವಾಮಿಯ ತಲೆಯ ಒಳಭಾಗವನ್ನು.

ಶಾಸನ ಓದುವುದು ನನ್ನ ಕಸುಬಾಗಿತ್ತು. ಕಲ್ಲಿನ ಮೇಲಿನ ತಿಥಿ, ವಾರ, ಸಂವತ್ಸರ ಮೂರೂ ಒಂದಕ್ಕೊಂದು ತಾಳೆಯಾಗದೆ ಯಾವ ಕಲ್ಲನ್ನೂ ನಂಬಿದವನಲ್ಲ. ನಿವೃತ್ತಿಯಾದ ಮೇಲೆ ಓದಲು ಕಲ್ಲುಗಳಿಲ್ಲದೆ ಆ ಚಾಳಿ ಮನೆಮಂದಿಯ ಮೇಲೆ ತಿರುಗಿದೆ. ನಾವು ಹೊರಟದ್ದು ಯುಗಾದಿಗೆ ಮುಂಚೆ ಎಂದು ಈ ಕಥನದ ಮೊದಲ ಕರಡಿನಲ್ಲಿ ಬರೆದಿದ್ದೆ. ಪುಟ್ಟಸ್ವಾಮಿಯ ಹೆಂಡತಿ ಜಯಮ್ಮ, ಹೋಳಿಗೆ ತಿಂದು ಮರುವಾರ ಹೊರಟೆವೆಂದು ತಕರಾರು ತೆಗೆದಳು. ಪಾಸ್‌ಪೋರ್ಟಿನ ಮುದ್ರೆಯನ್ನೂ ಪಂಚಾಂಗವನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಹೋಳಿಗೆಯೇ ಸರಿ.

ಪುಟ್ಟಸ್ವಾಮಿ ಕೊತ್ತತ್ತಿಯಲ್ಲಿ ಹುಟ್ಟಿ ಮದ್ದೂರಿನಲ್ಲಿ ನೆಲೆಸಿದವನು. ಅಲ್ಲಿಯ ಎಳನೀರು ಮಾರುಕಟ್ಟೆಯಲ್ಲಿ ದಲ್ಲಾಳಿ. ಅವನ ಬಂಡವಾಳವೆಂದರೆ ಗಂಟಲು. ಮಂಡಿಯ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯ ಲಾರಿಯವನು ಎಂಜಿನ್ ನಿಲ್ಲಿಸುತ್ತಾನೆ. ಲೋಕದ ಜೊತೆಗೆಲ್ಲ ಹೀಗೆ ಮಾತಾಡುವವನು ಹೆಂಡತಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವುದಿಲ್ಲ. ಜಗಳವಲ್ಲ, ಕೋಪವೂ ಅಲ್ಲ; ಆಕೆಯ ಮಾತು ಫ್ಯಾನಿನ ಗಾಳಿಯಂತೆ ಅವನ ಮೇಲೆ ಹಾದುಹೋಗುತ್ತದೆ. ವಿಮಾನದಲ್ಲಿ ಜಯಮ್ಮ, “ಕಾಪಿ ಕುಡೀತೀರಾ?” ಎಂದು ಕೇಳಿದಳು. ಅವನು ಕಿಟಕಿಯಲ್ಲಿ ಮೋಡ ನೋಡುತ್ತಿದ್ದ. ಆಕೆ ಉತ್ತರಕ್ಕೆ ಕಾಯದೆ ಲೋಟವನ್ನು ಅವನ ಕೈಗೆ ಹಿಡಿಸಿದಳು. ಅವನು ಕುಡಿದ.

ನನ್ನ ವಿಷಯದಲ್ಲಿ ಅವನದು ಬೇರೆಯೇ ನಡತೆ. ನಮ್ಮ ಮನೆತನದಲ್ಲಿ ಅಣ್ಣ ನಿಂತಿರುವಾಗ ತಮ್ಮ ಕೂರುವುದಿಲ್ಲ, ಅಣ್ಣ ಮಾತಾಡುವಾಗ ಮಲಗಿರುವುದಿಲ್ಲ. ನಾನು ಕಾಲು ಸಡಿಲಿಸಲೆಂದು ಆಸನದಿಂದ ಎದ್ದಾಗಲೆಲ್ಲ ಅವನೂ ದಡಕ್ಕನೆ ಎದ್ದು, ಮೇಲಿನ ಸಾಮಾನಿನ ಗೂಡಿಗೆ ತಲೆ ಹೊಡೆಸಿಕೊಂಡ.

“ಕೂತ್ಕೊಳೋ ಮಾರಾಯ, ತಲೆ ಒಡೆದೀತು,” ಎಂದೆ.

“ಇರ್ಲಿ ಬುಡಿ ಅಣ್ಣಯ್ಯ, ಗಟ್ಟಿ ತಲೆ,” ಎಂದು ನಿಂತೇ ನಕ್ಕ.

ಮಗಳ ಊರು

ಅವರ ಮಗಳು ಮಮತ ನೆಕ್ಕರ್ ನದಿಯ ದಡದ ಒಂದು ಊರಿನಲ್ಲಿ, ವಯಸ್ಸಾದವರ ಆರೈಕೆಯ ಮನೆಯೊಂದರಲ್ಲಿ ದಾದಿ. ಊರಿನ ಹೆಸರನ್ನು ಪುಟ್ಟಸ್ವಾಮಿಯ ಕೋರಿಕೆಯಂತೆ ಬಿಟ್ಟಿದ್ದೇನೆ. “ಎಸ್ರು ಬರುದ್ರೆ ಮಾರ್ಕೆಟ್ನೋರೆಲ್ಲ ಗೂಗಲ್ ಮಾಡಿ ನಾನ್ ಮಲಗಿದ್ ಆಸ್ಪತ್ರೆ ಬಾಗ್ಲು ನೋಡ್ತಾರೆ ಅಣ್ಣಯ್ಯ, ಬ್ಯಾಡ,” ಎನ್ನುತ್ತಾನೆ.

ಆ ಊರಿನವರ ಮೌನಕ್ಕೆ ಒಗ್ಗಿಕೊಳ್ಳುವುದೇ ನಮಗೆ ಮೊದಲ ಕಷ್ಟವಾಯಿತು. ಭಾನುವಾರ ಅಲ್ಲಿ ಮೊಳೆ ಹೊಡೆಯುವಂತಿಲ್ಲ, ಗಾಜಿನ ಸೀಸೆಯನ್ನು ಕಸದ ಪೆಟ್ಟಿಗೆಗೆ ಎಸೆಯುವಂತಿಲ್ಲ. ನಾವು ಇಳಿದುಕೊಂಡಿದ್ದ ಮಮತಳ ಮನೆಯ ಕೆಳಗಿನ ಅಂತಸ್ತಿನಲ್ಲಿ ನಾಯಿಯೊಂದಿತ್ತು. ಅದೂ ಭಾನುವಾರ ಬೊಗಳುತ್ತಿರಲಿಲ್ಲ. ಇಂಥ ಒಂದು ಭಾನುವಾರ ಪುಟ್ಟಸ್ವಾಮಿ ಬಾಲ್ಕನಿಯಲ್ಲಿ ನಿಂತು ಮದ್ದೂರಿಗೆ ಫೋನು ಮಾಡಿದ.

“ಲೇ, ಆ ಲೋಡು ಬಿಸ್ಲಲ್ಲಿ ನಿಲ್ಲುಸ್ಬ್ಯಾಡ ಕಣ್ಲಾ! ನೆಳ್ಳಿಗ್ ತಳ್ಳು! ಗೋಣಿ ಎಳೀಲಾ ಮ್ಯಾಲೆ!”

ಮೇಲಿನ ಅಂತಸ್ತಿನಿಂದ ಬೆಳ್ಳಿಕೂದಲಿನ ಹೆಂಗಸೊಬ್ಬರು ಇಳಿದು ಬಂದು ಬಾಗಿಲು ತಟ್ಟಿದರು. ಯಾರಿಗಾದರೂ ಪೆಟ್ಟಾಗಿದೆಯೇ, ಪೊಲೀಸರನ್ನು ಕರೆಯಬೇಕೇ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಮಮತ ವಿಷಯ ತಿಳಿಸಿದಳು. ಎಳನೀರು ನೆರಳಿನಲ್ಲಿರಬೇಕೆಂಬುದನ್ನು ಆಕೆ ಒಪ್ಪಿದರು. ಅದನ್ನು ಹೇಳಲು ಫೋನು ಏಕೆ ಬೇಕು, ಇಲ್ಲಿಂದಲೇ ಕೇಳಿಸುತ್ತದಲ್ಲ ಎಂದರು. ಜರ್ಮನರಿಗೆ ಹಾಸ್ಯಪ್ರಜ್ಞೆ ಇಲ್ಲವೆಂದು ಬರೆದವರನ್ನು ನಾನು ಅಂದಿನಿಂದ ನಂಬುತ್ತಿಲ್ಲ.

ಆ ವಾರವೇ ಟ್ರಾಮಿನಲ್ಲಿ ಅದು ನಡೆಯಿತು. ಕೋಟೆ ನೋಡಲು ಹೊರಟಿದ್ದೆವು. ಪುಟ್ಟಸ್ವಾಮಿ ನನಗೆ ಯಲಿಯೂರಿನ ಯಾವುದೋ ಜಮೀನಿನ ವ್ಯಾಜ್ಯ ಹೇಳುತ್ತಿದ್ದವನು ಮಾತನ್ನು ನಡುವೆಯೇ ನಿಲ್ಲಿಸಿದ. ಬಲಗೈ ತಾನಾಗಿ ಭುಜದವರೆಗೆ ಎದ್ದು ಗಾಳಿಯಲ್ಲಿ ಉಳಿಯಿತು. ಬಾಯಿ ತೆರೆದಿತ್ತು, ಮಾತಿರಲಿಲ್ಲ. ಟ್ರಾಮಿನ ತುಂಬ ಜನ. ಯಾರೂ ತಿರುಗಿ ನೋಡಲಿಲ್ಲ, ಏಕೆಂದರೆ ಆ ದೇಶದಲ್ಲಿ ಸುಮ್ಮನಿರುವವನನ್ನು ನೋಡುವುದು ಏನಿದೆ? ನಾನೂ ಅವನು ಏನೋ ನೆನಪಿಸಿಕೊಳ್ಳುತ್ತಿದ್ದಾನೆಂದುಕೊಂಡೆ. ಹಿಂದಿನ ಆಸನದಿಂದ ಜಯಮ್ಮ ನನ್ನ ಭುಜ ಹಿಡಿದು ಅಲುಗಿಸಿದಳು.

“ಬಾವ, ಇವ್ರು ಸುಮ್ಕಾಗವ್ರೆ! ಏನೋ ಆಗೈತೆ, ಇಳೀರಿ ಮೊದ್ಲು!”

ನಾವು ಇಳಿಯುವಷ್ಟರಲ್ಲಿ ಕೈ ತಾನಾಗಿ ಕೆಳಗಿಳಿದಿತ್ತು. ಬಹಳ ಹೊತ್ತು ಮಾತು ಸಿಗದೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಆಸ್ಪತ್ರೆಯಲ್ಲಿ ಅದನ್ನು ಫಿಟ್ಸ್ ಎಂದರು. ಮಿದುಳಿನ ಎಡಭಾಗದಲ್ಲಿ, ನೆತ್ತಿಗೆ ಹತ್ತಿರ, ಮಾತನ್ನು ಹೊರಡಿಸುವ ಜಾಗಕ್ಕೆ ಒತ್ತಿಕೊಂಡಂತೆ ಒಂದು ಗೆಡ್ಡೆ. ತೆಗೆಯಬೇಕು, ತಡಮಾಡುವ ಹಾಗಿಲ್ಲ. ಊರಿಗೆ ಮರಳಿ ಬೆಂಗಳೂರಿನಲ್ಲಿ ಮಾಡಿಸಬಹುದೇ ಎಂದು ಕೇಳಿದೆ. ಖಂಡಿತ ಮಾಡಬಲ್ಲರು, ಆದರೆ ಇನ್ನೊಂದು ಫಿಟ್ಸ್ ವಿಮಾನದಲ್ಲಿ ಬರುವುದು ಬೇಡ ಎಂದರು ಶಸ್ತ್ರವೈದ್ಯೆ. ತೆಳ್ಳನೆಯ, ನಿಧಾನವಾಗಿ ಇಂಗ್ಲಿಷ್ ಆಡುವ ಹೆಂಗಸು.

ಪುಟ್ಟಸ್ವಾಮಿ ಎಲ್ಲವನ್ನೂ ನನ್ನಿಂದ ಕನ್ನಡದಲ್ಲಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ.

“ಮಾತು ಓಯ್ತದಾ ಅಂತ ಕೇಳಿ ಅಣ್ಣಯ್ಯ. ಕೈ ಓದ್ರೆ ಓಗ್ಲಿ, ಕಾಲು ಓದ್ರೆ ಓಗ್ಲಿ. ಮೂಗ ಆಗಿ ಆ ಮಂಡಿ ಒಳೀಕೆ ಎಂಗೆ ಕಾಲಿಡ್ಲಿ?”

ವೈದ್ಯೆ ಇದಕ್ಕೆ ಸಮಾಧಾನದ ಮಾತು ಹೇಳಲಿಲ್ಲ. “ಮೊದಲು ನಕ್ಷೆ ಬರೆಯೋಣ, ಆಮೇಲೆ ಹೇಳುತ್ತೇನೆ,” ಎಂದರು. ಆ ಉತ್ತರದಿಂದಲೇ ನನಗೆ ಅವರ ಮೇಲೆ ವಿಶ್ವಾಸ ಬಂತು.

ಕೊಳವೆಯ ಮುಂದೆ

ಚಿತ್ರ ತೆಗೆಯುವ ವಿಭಾಗದ ಓಣಿಯಲ್ಲಿ ಹಳೆಯದೊಂದು ಕ್ಷ-ಕಿರಣ ಚಿತ್ರದ ಪ್ರತಿಯನ್ನು ತೂಗುಹಾಕಿದ್ದರು: ಉಂಗುರ ತೊಟ್ಟ ಕೈಯ ಎಲುಬುಗಳು. ಆ ಕಿರಣವನ್ನು ಮೊದಲು ಕಂಡದ್ದು ಈ ದೇಶದಲ್ಲೇ, ೧೮೯೫ರ ನವೆಂಬರಿನಲ್ಲಿ. ಕೆಳಗೆ ಬರೆದ ವರ್ಷವನ್ನು ನನ್ನ ನೆನಪಿನೊಡನೆ ಹೊಂದಿಸಿ ನೋಡಿ ಜಯಮ್ಮನಿಗೆ ವಿವರಿಸಿದೆ. ಅದಾದ ಏಳು ವರ್ಷಕ್ಕೆ, ೧೯೦೨ರಲ್ಲಿ, ಶಿವನಸಮುದ್ರದಲ್ಲಿ ನೀರಿನಿಂದ ವಿದ್ಯುತ್ತು ತೆಗೆದರೆಂದೂ ಸೇರಿಸಿದೆ. ಜಯಮ್ಮನ ತವರು ಮಳವಳ್ಳಿ ತಾಲ್ಲೂಕು.

“ಕರೆಂಟು ನಮ್ ಕಡೇದು ಅನ್ನಿ. ಕರೆಂಟಿಲ್ದೆ ಈ ಮಿಸನ್ನು ಏನ್ ಮಾಡಾದು ಮಣ್ಣು!” ಎಂದು ಆಕೆ ಆ ಓಣಿಯಲ್ಲಿ ಸ್ವಲ್ಪ ನೆಟ್ಟಗಾಗಿ ನಡೆದಳು.

ಯಂತ್ರದ ಉಸ್ತುವಾರಿ ಯೂರ್ಗೆನ್ ಎಂಬ ಉದ್ದನೆಯ ಮನುಷ್ಯನದು. ಮೈಮೇಲೆ ಲೋಹವಿರಬಾರದೆಂದು ಹೇಳಿ ಅವನು ಪುಟ್ಟಸ್ವಾಮಿಯ ಉಡಿದಾರಕ್ಕೆ ಕೈ ತೋರಿಸಿದ. ಅದಕ್ಕೆ ಬೆಳ್ಳಿಯ ತಾಯತವೊಂದು ಕಟ್ಟಿತ್ತು. ಪುಟ್ಟಸ್ವಾಮಿ ಎರಡು ಕೈಯಲ್ಲೂ ಸೊಂಟ ಹಿಡಿದುಕೊಂಡ. ಗಂಡಸು ಉಡಿದಾರವಿಲ್ಲದೆ ಇರುವುದು ಯಾವಾಗ ಎಂಬುದನ್ನು ಯೂರ್ಗೆನ್‌ಗೆ ಇಂಗ್ಲಿಷಿನಲ್ಲಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅವನು ಗಂಭೀರವಾಗಿ ಕೇಳಿ, ದಾರ ಇರಲಿ, ತಾಯತ ಬಿಚ್ಚಲಿ ಎಂದು ತೀರ್ಪು ಕೊಟ್ಟ. ಜಯಮ್ಮ ತಾಯತವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಇನ್ನು ಚಿತ್ರದ ವಿಷಯ. ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ಗೆಡ್ಡೆ ಎಲ್ಲಿದೆಯೆಂದು ತೋರಿಸುವ ಚಿತ್ರ ಸುಲಭ. ಅದರ ಸುತ್ತ ಯಾವ ಜಾಗ ಯಾವ ಕೆಲಸ ಮಾಡುತ್ತಿದೆಯೆಂದು ತಿಳಿಯುವುದು ಕಷ್ಟ. ಮಿದುಳಿನ ಯಾವ ಭಾಗ ದುಡಿಯುತ್ತದೆಯೋ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ. ರೋಗಿ ಯಂತ್ರದ ಕೊಳವೆಯೊಳಗೆ ಮಲಗಿ, ಹೇಳಿದಾಗ ಬೆರಳು ಆಡಿಸಬೇಕು, ಹೇಳಿದಾಗ ಹಣ್ಣುಗಳ ಹೆಸರನ್ನು ಮನಸ್ಸಿನಲ್ಲೇ ಅಂದುಕೊಳ್ಳಬೇಕು, ಹೇಳಿದಾಗ ನಿಲ್ಲಿಸಬೇಕು. ಯಂತ್ರ ರಕ್ತದ ಏರಿಳಿತವನ್ನು ಗುರುತಿಸಿ ಇದು ಕೈಯ ಜಾಗ, ಇದು ಮಾತಿನ ಜಾಗ ಎಂದು ಬಣ್ಣ ಹಾಕುತ್ತದೆ. ನಿಯಮ ಒಂದೇ: ತಲೆ ಅಲುಗಬಾರದು. ಒಂದು ಅಕ್ಕಿಕಾಳಿನಷ್ಟು ಅಲುಗಿದರೂ ನಕ್ಷೆ ಕೆಡುತ್ತದೆ, ಕೆಟ್ಟ ನಕ್ಷೆ ಹಿಡಿದು ಚಾಕು ಹಾಕುವಂತಿಲ್ಲ.

ಅಪ್ಪಣೆಗಳು ಸಾಮಾನ್ಯವಾಗಿ ಪರದೆಯ ಮೇಲೆ ಜರ್ಮನ್ ಅಥವಾ ಇಂಗ್ಲಿಷಿನಲ್ಲಿ ಬರುತ್ತವೆ. ಪುಟ್ಟಸ್ವಾಮಿಗೆ ಎರಡೂ ಬಾರದ್ದರಿಂದ ಗಾಜಿನ ಈಚೆಯಿಂದ ಮೈಕಿನಲ್ಲಿ ಕನ್ನಡದಲ್ಲಿ ಹೇಳಬೇಕಾಯಿತು. ವಿದ್ವಾಂಸನೆಂದು ಆ ಕೆಲಸ ನನಗೇ ಕೊಟ್ಟರು.

“ಪುಟ್ಟಸ್ವಾಮಿ, ಈಗ ಬಲಗೈ ಬೆರಳುಗಳನ್ನು ಆಡಿಸು,” ಎಂದೆ.

ಕೊಳವೆಯೊಳಗಿಂದ ಉತ್ತರ ಬಂತು. “ಆಯ್ತು ಅಣ್ಣಯ್ಯ!” ಜೊತೆಗೇ, ತಲೆಗೆ ತೊಡಿಸಿದ್ದ ಪಂಜರದೊಳಗೇ ಎಷ್ಟು ಸಾಧ್ಯವೋ ಅಷ್ಟು ಎದ್ದ.

ಯೂರ್ಗೆನ್ ಯಂತ್ರ ನಿಲ್ಲಿಸಿದ. ಉತ್ತರ ಕೊಡಬೇಡ, ಏಳಬೇಡ ಎಂದು ಹೇಳಿದೆ. “ಇಲ್ಲ ಅಣ್ಣಯ್ಯ, ಏಳಾಕಿಲ್ಲ,” ಎಂದು ಅವನು ಮತ್ತೆ ಎದ್ದ. ಸುಮ್ಮನಿರಲು ಅವನು ಪ್ರಯತ್ನಿಸಲಿಲ್ಲವೆಂದಲ್ಲ. ನನ್ನ ದನಿ ಕಿವಿಗೆ ಬಿದ್ದೊಡನೆ ಅವನ ಕುತ್ತಿಗೆ ಬುದ್ಧಿಯ ಅಪ್ಪಣೆಗೆ ಕಾಯುತ್ತಲೇ ಇರಲಿಲ್ಲ. ಹೊರಬಂದಾಗ ಬೆವೆತಿದ್ದ. “ನೀವ್ ನಿಂತ್ಕೊಂಡ್ ಮಾತಾಡ್ತಾ ಇದ್ರೆ ನಾನ್ ಎಂಗೆ ಕಾಲ್ ನೀಡ್ಕೊಂಡ್ ಮಲಗ್ಲಿ ಅಣ್ಣಯ್ಯ?” ಎಂದ. ನಾನು ಕುರ್ಚಿಯಲ್ಲಿ ಕೂತು ಹೇಳಿ ನೋಡಿದೆ. ನಾನು ಕೂತದ್ದು ಅವನಿಗೆ ಕಾಣದಿದ್ದರಿಂದ ಪ್ರಯೋಜನವಾಗಲಿಲ್ಲ.

ಮಮತಳನ್ನು ಕರೆದೆವು. ಆಕೆ “ಅಪ್ಪಾ” ಎಂದಳಷ್ಟೆ. ಒಳಗೆ ಅವನು ಬಿಕ್ಕತೊಡಗಿದ. ಬಿಕ್ಕಿದರೆ ಭುಜ, ಭುಜದ ಹಿಂದೆ ತಲೆ. ಅದೂ ಕೆಟ್ಟಿತು.

ಯೂರ್ಗೆನ್ ಗಡಿಯಾರ ನೋಡಿದ. ಆಗ ಜಯಮ್ಮ ಮೂಲೆಯ ಕುರ್ಚಿಯಿಂದ ಎದ್ದು ಬಂದಳು.

“ಸರೀರಿ ಬಾವ ವಸಿ. ನಾನ್ ಯೋಳ್ತೀನಿ.”

“ನೀನು ಹೇಳಿದರೆ ಅಲುಗುವುದಿಲ್ಲವೇ?”

“ಮದ್ವೆ ಆದಾಗ್ಲಿಂದ ಅಲುಗಿಲ್ಲ, ಇವತ್ ಅಲುಗ್ತಾರಾ?”

ಆಕೆ ಮೈಕಿಗೆ ಬಾಯಿಟ್ಟು, “ಮಮತನ ಅಪ್ಪ, ಬೆಳ್ಳು ಆಡ್ಸಿ,” ಎಂದಳು. ಬೆರಳುಗಳು ಆಡಿದವು. ತಲೆ ಕಲ್ಲಿನಂತೆ ಇತ್ತು. “ಸಾಕು, ನಿಲ್ಸಿ.” ನಿಂತವು. “ಈಗ ಅಣ್ಣುಗಳ್ ಎಸ್ರು ಮನ್ಸಲ್ಲೇ ಯೋಳ್ಕಳಿ. ಬಾಳೆಅಣ್ಣಿಂದ ಸುರು ಮಾಡಿ.” ಉಸಿರಾಟ ಬಿಟ್ಟು ಬೇರೇನೂ ಅಲುಗಲಿಲ್ಲ. ಆಲೆಮನೆಯ ಎಂಜಿನ್ನಿನಂತೆ ಬಡಿಯುವ ಯಂತ್ರದೊಳಗೆ ಆ ಮನುಷ್ಯ ವೀರಗಲ್ಲಿನ ಹಾಗೆ ಮಲಗಿದ್ದ. ಯೂರ್ಗೆನ್ ಕುರ್ಚಿಯಲ್ಲಿ ಹಿಂದಕ್ಕೊರಗಿ, ಇಷ್ಟು ಸ್ಥಿರವಾದ ರೋಗಿಯನ್ನು ತಾನು ಕಂಡಿಲ್ಲ, ಈಕೆ ಯಾವ ತರಬೇತಿ ಕೊಟ್ಟಿದ್ದಾರೆ ಎಂದು ಕೇಳಿದ. ನಾನು ಅನುವಾದಿಸಿದೆ.

“ನಾನೇನ್ ಕೊಟ್ಟಿಲ್ಲ ಸಾಮಿ, ಇವ್ರೇ ಕಲ್ತವ್ರೆ,” ಎಂದಳು ಜಯಮ್ಮ.

ನಕ್ಷೆ ಬಿಡಿಸಿದಾಗ

ಮರುದಿನ ವೈದ್ಯೆ ದೊಡ್ಡ ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದರು. ಮರುದಿನವೆಂದು ಜಯಮ್ಮನ ಹೇಳಿಕೆ. ಚಿತ್ರದ ಅಂಚಿನ ತಾರೀಖನ್ನೂ ವೈದ್ಯೆಯ ಭೇಟಿಯ ಚೀಟಿಯನ್ನೂ ಅಕ್ಕಪಕ್ಕ ಇಟ್ಟರೆ ಅದರ ಮರುದಿನ. ಚೀಟಿಯನ್ನೇ ನಂಬಿದ್ದೇನೆ.

ಬೂದುಬಣ್ಣದ ಮಿದುಳು, ಅದರೊಳಗೆ ಮಬ್ಬು ಬಿಳುಪಿನ ಗೆಡ್ಡೆ, ಸುತ್ತ ಕಿತ್ತಳೆ ಬಣ್ಣದ ತೇಪೆಗಳು. ವೈದ್ಯೆ ಕೈಯ ಜಾಗ, ಮಾತಿನ ಜಾಗ ತೋರಿಸಿ, ಕಿವಿಯ ಮೇಲ್ಭಾಗದಲ್ಲಿ ಉರಿಯುತ್ತಿದ್ದ ಇನ್ನೆರಡು ತೇಪೆಗಳ ಮೇಲೆ ಬೆರಳಿಟ್ಟು, “ಇದು ಕೇಳಿಸಿಕೊಳ್ಳುವ ಜಾಗ. ಇವರ ಹೆಂಡತಿ ಮಾತಾಡಿದಾಗಲೆಲ್ಲ ಚೆನ್ನಾಗಿ ಬೆಳಗಿದೆ,” ಎಂದರು.

ನಾನು ಅನುವಾದಿಸಿ ಮುಗಿಸುವಷ್ಟರಲ್ಲಿ ಜಯಮ್ಮ ಎದ್ದು ನಿಂತಿದ್ದಳು.

“ಅಂದ್ರೆ ಇವ್ರಿಗೆ ಕೇಳುಸ್ತಿತ್ತು! ಇಷ್ಟ್ ವರ್ಸನೂವೆ ಕೇಳುಸ್ತಿತ್ತು! ನೋಡಿ ಬಾವ, ಪಟ ಸಮೇತ ಸಿಕ್ಕಾಕ್ಕೊಂಡ್ರು!”

ಪುಟ್ಟಸ್ವಾಮಿ ಪರದೆ ಬಿಟ್ಟು ನೆಲ ನೋಡಿದ. “ಆ ಮಿಸನ್ನು ಸರಿಯಿಲ್ಲ ಅಣ್ಣಯ್ಯ,” ಎಂದ.

ಆಮೇಲೆ ಇನ್ನೊಂದು ಚಿತ್ರ ಬಂತು. ಮಿದುಳಿನ ನರತಂತುಗಳ ದಾರಿ ಅದರಲ್ಲಿತ್ತು. ಕೆಂಪು, ಹಸಿರು, ನೀಲಿ ಎಳೆಗಳು ಕವಲೊಡೆದು, ಮತ್ತೆ ಸೇರಿ, ಕೆಳಕ್ಕೆ ಇಳಿಯುತ್ತಿದ್ದವು. ತಂತುಗಳ ಉದ್ದಕ್ಕೆ ನೀರಿನ ಕಣ ಸರಾಗವಾಗಿ ಸಾಗುತ್ತದೆ, ಅಡ್ಡಕ್ಕೆ ಸಾಗಲಾರದು. ಯಂತ್ರ ಆ ನೀರಿನ ನಡೆಯನ್ನು ಅಳೆದು ದಾರಿಯನ್ನು ಬರೆಯುತ್ತದೆಯಂತೆ. ನೀರು ಎಂಬ ಮಾತು ಕೇಳಿ ಪುಟ್ಟಸ್ವಾಮಿ ತಲೆ ಎತ್ತಿದ.

“ಇದು ನಮ್ ನಾಲೆ ನಕ್ಸೆ ಇದ್ದಂಗೈತೆ ಅಣ್ಣಯ್ಯ. ಅಗೋ, ಅದು ದೊಡ್ಡ ನಾಲೆ. ಇವು ಕಾಲ್ವೆಗಳು. ಗೆಡ್ಡೆ ಎಲ್ಲೈತೆ? ಏರಿ ಮ್ಯಾಲಾ?”

ಏರಿಗೆ ಒತ್ತಿಕೊಂಡೇ ಇತ್ತು. ನಾಲೆಯ ಏರಿಯ ಮೇಲೆ ಬೇರು ಬಿಟ್ಟ ಗಿಡವನ್ನು ಏರಿ ಒಡೆಯದೆ ಕೀಳಬೇಕು ಎಂದು ಅವನ ಮಾತನ್ನು ವೈದ್ಯೆಗೆ ಮುಟ್ಟಿಸಿದೆ. ಆಕೆ ಆ ಹೋಲಿಕೆಯನ್ನು ಅಲ್ಲಿಂದ ಬಿಡಲೇ ಇಲ್ಲ. “ಒಂದು ಬೇರು ಏರಿಯೊಳಗೇ ಹೋಗಿದ್ದರೆ ಅದನ್ನು ಬಿಡುತ್ತೇನೆ, ಆಮೇಲೆ ವಿಕಿರಣದಿಂದ ಸುಡೋಣ. ಏರಿಯನ್ನು ಮಾತ್ರ ಒಡೆಯುವುದಿಲ್ಲ,” ಎಂದರು.

“ಕೊನೆ ಗದ್ದೆಗೂ ನೀರು ಮುಟ್ಬೇಕು ಅಂತ ಯೋಳಿ,” ಎಂದ ಪುಟ್ಟಸ್ವಾಮಿ. ನಾಲೆಯ ಕೊನೆಯಲ್ಲಿ ಗದ್ದೆ ಇಟ್ಟುಕೊಂಡವರ ಮನೆಯಲ್ಲಿ ಬೆಳೆದವನು. ಬೇರೆ ಯಾವ ಪ್ರಾರ್ಥನೆಯೂ ಅವನಿಗೆ ಹೊಳೆಯಲಿಲ್ಲ.

ನಾನು ನನ್ನ ಸಂಶಯವನ್ನು ಕೇಳಿದೆ: ಈ ನಕ್ಷೆಗೂ ಶಸ್ತ್ರಚಿಕಿತ್ಸೆಗೂ ನಡುವೆ ದಿನಗಳಿವೆ, ಅಂದು ಇದು ಹಳೆಯ ನಕ್ಷೆಯಾಗುವುದಿಲ್ಲವೇ? ಅದು ಸರಿಯಾದ ಪ್ರಶ್ನೆ, ಆದರೆ ದಿನಗಳೇ ಬೇಕಿಲ್ಲ ಎಂದರು ವೈದ್ಯೆ. ಬುರುಡೆ ತೆರೆದೊಡನೆ ಒಳಗಿನ ನೀರು ಸ್ವಲ್ಪ ಹರಿದುಹೋಗಿ ಮಿದುಳು ಕೆಳಕ್ಕೆ ಕುಸಿಯುತ್ತದೆ. ಬೆಳಗ್ಗೆಯ ನಕ್ಷೆ ಮಧ್ಯಾಹ್ನಕ್ಕೆ ಸುಳ್ಳಾಗುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ನಡುವೆಯೇ, ತಲೆ ತೆರೆದಿರುವಂತೆಯೇ, ಇನ್ನೊಮ್ಮೆ ಚಿತ್ರ ತೆಗೆಯುತ್ತಾರೆ. ನಾನು ಓದುತ್ತಿದ್ದ ಕಲ್ಲುಗಳು ಓದುವಾಗ ಜರುಗುತ್ತಿರಲಿಲ್ಲ. ಆ ಹೆಂಗಸಿನ ಮುಂದೆ ನನ್ನ ಕಸುಬು ಬಹಳ ಸುಖದ್ದೆನಿಸಿತು.

ಇನ್ನೊಂದು ಮಾತನ್ನೂ ಆಕೆ ಮುಂಚಿತವಾಗಿ ಹೇಳಿದರು. ಗೆಡ್ಡೆಯಿರುವ ಜಾಗದ ಸ್ವಭಾವದಿಂದಾಗಿ, ಎಲ್ಲ ಸರಿಯಾಗಿ ನಡೆದರೂ, ಆಮೇಲೆ ಕೆಲವು ದಿನ ಅಥವಾ ವಾರ ಮಾತು ಹೊರಡದಿರಬಹುದು. ದಾರಿ ಉಳಿದಿದ್ದರೆ ಮರಳುತ್ತದೆ. ದಾರಿ ಉಳಿಯಿತೇ ಎಂಬುದಕ್ಕೆ ಚಿತ್ರ ಒಂದು ಸಾಕ್ಷಿ. ಇನ್ನೊಂದು ಸಾಕ್ಷಿ ರೋಗಿಯ ಬಾಯಿ.

ವಾರ್ಡಿನ ಮೌನ

ಚಿಕಿತ್ಸೆ ಚೆನ್ನಾಗಿ ನಡೆಯಿತೆಂದರು. ನಡುವೆ ತೆಗೆದ ಚಿತ್ರದಲ್ಲಿ, ಮುಗಿಯಿತೆಂದುಕೊಂಡ ಜಾಗದ ಹಿಂದೆ ಒಂದು ತುಣುಕು ಅಡಗಿ ಕೂತದ್ದು ಕಂಡು ಅದನ್ನೂ ತೆಗೆದರಂತೆ. ಏರಿಗೆ ಅಂಟಿದ್ದೊಂದು ಎಳೆಯನ್ನು ಹೇಳಿದಂತೆಯೇ ಬಿಟ್ಟಿದ್ದರು.

ಪುಟ್ಟಸ್ವಾಮಿ ಕಣ್ಣು ಬಿಟ್ಟ, ನಮ್ಮನ್ನು ಗುರುತಿಸಿದ, ಹೇಳಿದರೆ ಎಡಗೈ ಎತ್ತಿದ, ಬಲಗೈಯನ್ನು ಯೋಚಿಸಿ ಎತ್ತಿದ. ಬಾಯಿಂದ ಮಾತ್ರ ಒಂದು ಸದ್ದೂ ಹೊರಡಲಿಲ್ಲ. ನಾನು ಹಾಸಿಗೆಯ ಬಳಿ ನಿಂತರೆ ಎದ್ದು ಕೂರಲು ಹವಣಿಸುತ್ತಿದ್ದ. “ಅಣ್ಣಯ್ಯ” ಎನ್ನಲು ಬಾಯಿ ತೆರೆದು, ದಾರಿ ಸಿಗದೆ ನಿಲ್ಲುತ್ತಿದ್ದ. ಅದನ್ನು ನೋಡಲಾರದೆ ನಾನು ಬಾಗಿಲ ಬಳಿಯೇ ಉಳಿಯತೊಡಗಿದೆ.

ದಿನಗಳು ಕಳೆದವು. ಮಮತ ತಾನು ಓದಿದ ದಾದಿಯ ವಿದ್ಯೆಯನ್ನೆಲ್ಲ ನೆನೆದು ಧೈರ್ಯ ಹೇಳುತ್ತಿದ್ದಳು, ಹೊರಗೆ ಬಂದು ಅಳುತ್ತಿದ್ದಳು. ಜಯಮ್ಮ ಒಬ್ಬಳೇ ಏನೂ ಆಗದಂತೆ ಹಾಸಿಗೆಯ ಪಕ್ಕ ಕೂತು ಮಾತಾಡುತ್ತಿದ್ದಳು. ನಾಲೆಗೆ ನೀರು ಬಿಟ್ಟ ಸುದ್ದಿ, ಕೆರಗೋಡಿನಲ್ಲಿ ಯಾರೋ ಮನೆ ಕಟ್ಟಿ ಮೆಟ್ಟಿಲು ಇಡುವುದನ್ನೇ ಮರೆತದ್ದು, ಈ ದೇಶದ ಅನ್ನ ಬೇಯುವುದಕ್ಕೆ ಮುಂಚೆಯೇ ಆರುವುದು, ಹೀಗೆ.

“ಉತ್ತರ ಬಾರದೆ ನಿನಗೆ ಬೇಸರವಾಗುವುದಿಲ್ಲವೇ?” ಎಂದು ಕೇಳಿದೆ.

“ನಂಗೇನ್ ಯತ್ಯಾಸ ಕಾಣಾಕಿಲ್ಲ ಬುಡಿ ಬಾವ,” ಎಂದು ನಕ್ಕಳು. ಸೆರಗಿನ ತುದಿಯ ತಾಯತದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. ಆ ಸಂಜೆಯಲ್ಲಿ ಅದನ್ನು ಎಷ್ಟು ಸಲ ಬಿಚ್ಚಿ ಕಟ್ಟಿದಳೋ.

ಮನೆಯ ಮೆಟ್ಟಿಲಿನಲ್ಲಿ ಮೇಲಿನ ಅಂತಸ್ತಿನ ಹೆಂಗಸು ನನ್ನನ್ನು ತಡೆದು ನಿಲ್ಲಿಸಿದರು. ಭಾನುವಾರ ಬಂದು ಹೋಯಿತು, ನಿಮ್ಮ ಮನೆಯಿಂದ ಸದ್ದೇ ಇಲ್ಲ, ಎಳನೀರಿನವರು ಎಲ್ಲಿ ಎಂದರು. ಹೇಳಿದೆ. ಆಕೆ ಮೇಲೆ ಹೋಗಿ, ಸೇಬು ಹಾಕಿ ಬೇಯಿಸಿದ ಕೇಕನ್ನು ತಟ್ಟೆ ಸಮೇತ ತಂದು ಕೈಗಿಟ್ಟರು. ನಿಶ್ಶಬ್ದವನ್ನು ಇಷ್ಟಪಡುವ ದೇಶದವರಿಗೂ ಎಲ್ಲ ನಿಶ್ಶಬ್ದವೂ ಒಂದೇ ಅಲ್ಲ.

ಒಂದು ಮಧ್ಯಾಹ್ನ ಜಯಮ್ಮ ತನ್ನ ಚಿಕ್ಕವ್ವನ ಪ್ರಸಂಗ ಹೇಳುತ್ತಿದ್ದಳು. ನಾನು ಬಾಗಿಲ ಬಳಿ ಇದ್ದೆ. ಆ ಚಿಕ್ಕವ್ವ ಮಳವಳ್ಳಿಯಿಂದ ಬೀಗರ ಮನೆಗೆ ಹೊರಟು, ಚೀಲದಲ್ಲಿ ಹುಂಜ ಇಟ್ಟುಕೊಂಡು ಬಸ್ಸು ಹತ್ತಿದ್ದಳು. ಕಂಡಕ್ಟರು ಚೀಲದಲ್ಲೇನು ಎಂದ.

“ಚಿಕ್ಕವ್ವ ‘ಸೊಪ್ಪು ಕಣಪ್ಪಾ’ ಅಂದ್ಲು. ಅವ್ನು ಟಿಕೀಟು ಅರಿಯಾಕೆ ಓದ, ಅಷ್ಟೊತ್ಗೆ ಸೊಪ್ಪು ಕೊಕ್ಕೋಕ್ಕೋ ಅಂತ ಕೂಗ್ಬುಡ್ತು. ಇಡೀ ಬಸ್ಸು ತಿರುಗ್ ನೋಡ್ತು. ಆಗ ಕಂಡಕ್ಟರು…”

ದಾದಿ ಮಾತ್ರೆ ಹಿಡಿದು ಬಂದಳು. ಜಯಮ್ಮ ಎದ್ದು ನೀರು ತಂದಳು, ಅವನ ತಲೆಗೆ ಕೈಕೊಟ್ಟು ಕುಡಿಸಿದಳು, ಬಾಯಿ ಒರೆಸಿದಳು. ದಾದಿ ಹೋದ ಮೇಲೆ ಆಕೆ ಮತ್ತೆ ಕೂತಳು. ಮಾತು ಮುಂದುವರಿಸಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ಆಕೆಯ ಬಳಿಯೂ ಮಾತು ತೀರಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ಊಂ…”

ಯಾರೆಂದು ನಾವಿಬ್ಬರೂ ತಿರುಗಿದೆವು. ಪುಟ್ಟಸ್ವಾಮಿಯ ಮುಖ ಕೆಂಪೇರಿತ್ತು, ಭಾರ ಎತ್ತುವವನ ಹಾಗೆ.

“ಊಂ… ಆ… ಆಮ್ಯಾಕೆ?”

ಮದುವೆಯಾದಂದಿನಿಂದ ಒಂದು ಮಾತಿಗೂ ಉತ್ತರ ಕೊಡದ ಗಂಡ, ಹುಂಜಕ್ಕೆ ಟಿಕೀಟು ಕೊಟ್ಟರೋ ಇಲ್ಲವೋ ತಿಳಿಯದೆ ಇರಲಾರದವನಾಗಿದ್ದ. ಜಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಕಂಡಕ್ಟರು ಏನೆಂದನೆಂಬುದನ್ನು ಆಕೆಗೆ ಅಂದು ಹೇಳಲಾಗಲೇ ಇಲ್ಲ.

ಮುಖವಾಡ

ಆಮೇಲೆ ಮಾತು ಹನಿಹನಿಯಾಗಿ, ಕಾಲುವೆಗೆ ನೀರು ಬಿಟ್ಟ ಮೊದಲ ದಿನದಂತೆ, ಕಸಕಡ್ಡಿ ತಳ್ಳಿಕೊಂಡು ಬಂತು. “ಅಣ್ಣಯ್ಯ” ಬರಲು ಇನ್ನೂ ಕೆಲವು ದಿನ ಹಿಡಿಯಿತು. ವಿಕಿರಣ ಚಿಕಿತ್ಸೆ ಶುರುವಾಗುವ ಹೊತ್ತಿಗೆ ಪೂರ್ತಿ ವಾಕ್ಯಗಳನ್ನಾಡುತ್ತಿದ್ದ, ನಿಧಾನವಾಗಿ. ನಮ್ಮ ವೀಸಾವನ್ನು ಒಮ್ಮೆ ವಿಸ್ತರಿಸಿಕೊಳ್ಳಬೇಕಾಯಿತು.

ವಿಕಿರಣಕ್ಕೆ ಹೊಸದಾಗಿ ಚಿತ್ರಗಳನ್ನು ತೆಗೆದರು. ಗೆಡ್ಡೆ ತೆಗೆದ ಜಾಗ ಮುದುಡಿಕೊಳ್ಳುತ್ತದೆ, ಸುತ್ತಲಿನದು ಜರುಗುತ್ತದೆ. ಹಳೆಯ ಚಿತ್ರ ನಂಬಿದರೆ ಕಿರಣ ಒಳ್ಳೆಯ ಮಿದುಳಿಗೆ ಬೀಳುತ್ತದೆ. ಇನ್ನೊಂದು ಯಂತ್ರದಲ್ಲಿ, ಗೆಡ್ಡೆಯ ಜೀವಕೋಶಗಳು ಆಸೆಪಟ್ಟು ಹೀರುವ ಪದಾರ್ಥವೊಂದನ್ನು ರಕ್ತಕ್ಕೆ ಬಿಟ್ಟು, ಅದು ಎಲ್ಲಿ ಸೇರಿತೆಂದು ನೋಡಿದರು. ಏರಿಗೆ ಅಂಟಿದ್ದ ಎಳೆ ಅಲ್ಲಿ ಸಣ್ಣ ಕೆಂಡದಂತೆ ಕಂಡಿತು. ಎಲ್ಲವನ್ನೂ ಒಂದರ ಮೇಲೊಂದು ಹೊಂದಿಸಿ, ಕಿರಣ ಎಲ್ಲಿಂದ ಬಂದು ಎಲ್ಲಿ ಕೂಡಬೇಕೆಂದು ಲೆಕ್ಕ ಹಾಕಿದರು. ಆ ವಿಭಾಗದವರು ಪ್ರತಿ ಚಿತ್ರದ ತಾರೀಖನ್ನೂ ಗಟ್ಟಿಯಾಗಿ ಓದಿ, ಇನ್ನೊಬ್ಬರಿಂದ ಮತ್ತೆ ಓದಿಸುತ್ತಿದ್ದರು. ಪರದೇಶದಲ್ಲಿ ನನ್ನ ಜಾತಿಯವರು ಸಿಕ್ಕಿದಂತಾಯಿತು.

ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಬಲೆಯೊಂದನ್ನು ಪುಟ್ಟಸ್ವಾಮಿಯ ಮುಖದ ಮೇಲೆ ಎಳೆದು, ಅದು ಗಟ್ಟಿಯಾಗುವವರೆಗೆ ಒತ್ತಿಹಿಡಿದರು. ದಿನವೂ ಅದನ್ನು ತೊಡಿಸಿ ಮೇಜಿಗೆ ತಿರುಪು ಹಾಕಿದರೆ ತಲೆ ಕೂದಲೆಳೆಯಷ್ಟೂ ಜರುಗದು. ಸೋಮನ ಕುಣಿತದ ಮುಖವಾಡ ಕಂಡವನಿಗೆ ಅದು ಬಣ್ಣ ಬಳಿಯುವ ಮುಂಚಿನ ಸೋಮನಂತೆ ಕಾಣುತ್ತಿತ್ತು.

“ಮಾತ್ ಬಂದ್ ಮ್ಯಾಕೆ… ಬಾಯ್ ಕಟ್ತಾರೆ… ನೋಡಿ ಅಣ್ಣಯ್ಯ,” ಎಂದು ಅವನು ಒಳಗೆ ಹೋಗುತ್ತಿದ್ದ.

ಭಾನುವಾರ ರಜೆ. ಅಂಥ ಒಂದು ಭಾನುವಾರ ಅವನು ಬಾಲ್ಕನಿಗೆ ಹೋಗಿ ಮದ್ದೂರಿಗೆ ಫೋನು ಮಾಡಿದ. “ಲೇ… ನೆಳ್ಳಿಗ್… ತಳ್ಳಿದ್ಯಾ?” ಎಂದ. ಮೊದಲಿನ ಗಂಟಲಿನ ಕಾಲುಭಾಗವೂ ಅಲ್ಲ. ಮೇಲಿನ ಬಾಲ್ಕನಿಗೆ ಆ ಹೆಂಗಸು ಬಂದು ಬಗ್ಗಿ ನೋಡಿದರು. ಕೈಯನ್ನು ಕಿವಿಯ ಹಿಂದೆ ಇಟ್ಟು, ಇನ್ನೂ ಜೋರಾಗಿ ಎಂದು ಸನ್ನೆ ಮಾಡಿದರು.

ಮತ್ತೆ ಕೊಳವೆ

ಹೊರಡುವ ಮುನ್ನ ಕೊನೆಯ ಚಿತ್ರ. ಯೂರ್ಗೆನ್ ನಮ್ಮನ್ನು ನೆಂಟರಂತೆ ಬರಮಾಡಿಕೊಂಡ. ಉಡಿದಾರ ಕಂಡು ತಾನೇ ಕೈ ಚಾಚಿ ತಾಯತ ಇಸಕೊಂಡು ಜಯಮ್ಮನಿಗೆ ಕೊಟ್ಟ. ನಾನು ಗಾಜಿನ ಹಿಂದೆ ಕುರ್ಚಿ ಹಿಡಿದು ಬಾಯಿ ಮುಚ್ಚಿ ಕೂತೆ. ಯಾವ ಅನುಮಾನವೂ ಇಲ್ಲದೆ ಯೂರ್ಗೆನ್ ಮೈಕನ್ನು ಜಯಮ್ಮನ ಮುಂದೆ ಇಟ್ಟ.

“ಮಮತನ ಅಪ್ಪ, ಅಲ್ಲಾಡ್ಬ್ಯಾಡಿ. ಬೆಳ್ಳು ಆಡ್ಸಿ.”

“ಊಂ ಕಣೆ,” ಎಂದಿತು ಕೊಳವೆ. “ನೀನ್ ಉಂಡ್ಯಾ?”

ಯೂರ್ಗೆನ್ ಪರದೆ ನೋಡಿದ. ಪುಟ್ಟಸ್ವಾಮಿಯ ಮಿದುಳು ನೀರಿನಲ್ಲಿ ಬಿದ್ದ ನೆರಳಿನಂತೆ ಎರಡಾಗಿ, ಮೂರಾಗಿ ಅಂಚು ಕಲಸಿಕೊಂಡಿತ್ತು.

“ಮಾತಾಡ್ಬ್ಯಾಡಿ ಅಂದ್ನಲ್ಲ!”

“ನೀನ್ ಕೇಳುದ್ರೆ… ಸುಮ್ಕಿರಾಕ್ ಆಯ್ತದಾ? ಆ ಉಂಜುಕ್ಕೆ… ಟಿಕೀಟು ಕೊಟ್ರಾ ಇಲ್ವಾ… ಇನ್ನೂ ಯೋಳಿಲ್ಲ ನೀನು.”

ಯೂರ್ಗೆನ್ ನನ್ನ ಕಡೆ ತಿರುಗಿ, ಈಕೆಯ ವಿದ್ಯೆ ಏನಾಯಿತು ಎಂದು ಕೇಳಿದ. ಅದು ಇನ್ನು ಕೆಲಸ ಮಾಡುವುದಿಲ್ಲ, ನಿಮ್ಮ ಆಸ್ಪತ್ರೆಯೇ ಅದನ್ನು ಕೆಡಿಸಿತು ಎಂದೆ. ಹಾಗಾದರೆ ಇವರು ಉತ್ತರ ಕೊಡದವರು ಇನ್ನು ಯಾರಿದ್ದಾರೆ ಎಂದ. ಯಾರೂ ಹೊಳೆಯಲಿಲ್ಲ. ಕಡೆಗೆ ಅವನೇ ಮೈಕು ಹಿಡಿದು ಜರ್ಮನ್‌ನಲ್ಲಿ ಏನೋ ಉದ್ದಕ್ಕೆ ಹೇಳತೊಡಗಿದ. ಒಂದಕ್ಷರವೂ ತಿಳಿಯದ ಪುಟ್ಟಸ್ವಾಮಿ ಸದ್ದಿಲ್ಲದೆ ಮಲಗಿದ. ಬೆರಳು ಆಡಿಸಬೇಕಾದಾಗ ಮಮತ ಒಳಗೆ ಅವನ ಕಾಲ ಬಳಿ ನಿಂತು, ಮೊದಲೇ ಹೇಳಿಕೊಟ್ಟಂತೆ ಅಂಗಾಲು ಮುಟ್ಟಿ ತಿಳಿಸಿದಳು.

ಚಿತ್ರ ಚೆನ್ನಾಗಿ ಬಂತು. ಕೆಂಡವಿದ್ದ ಜಾಗ ಕಪ್ಪಾಗಿತ್ತು, ದಾರಿಗಳು ಇದ್ದಲ್ಲೇ ಇದ್ದವು. ಇದನ್ನು ಗುಣವಾಯಿತೆಂದು ಬರೆಯಬೇಡಿ, ಸದ್ಯಕ್ಕೆ ಸುಮ್ಮನಿದೆಯೆಂದು ಬರೆಯಿರಿ ಎಂದರು ವೈದ್ಯೆ. ಹಾಗೇ ಬರೆದಿದ್ದೇನೆ. ಕೆಲವು ತಿಂಗಳಿಗೊಮ್ಮೆ ಇನ್ನು ನಮ್ಮಲ್ಲೇ ಚಿತ್ರ ತೆಗೆಸಬೇಕು, ಇದರೊಡನೆ ಹೋಲಿಸಬೇಕು.

ಯೂರ್ಗೆನ್ ಕೆಟ್ಟ ಚಿತ್ರಗಳನ್ನು ಅಳಿಸಲು ಹೊರಟಾಗ ಜಯಮ್ಮ ಅವನ ಕೈ ಹಿಡಿದಳು.

“ಅದ್ನ ಅಳಿಸ್ಬ್ಯಾಡ ಅಂತ ಯೋಳಿ ಬಾವ. ಸರ್ಯಾಗ್ ಬಂದಿರಾದು ಡಾಕ್ಟ್ರಿಗಿರ್ಲಿ. ಅಲ್ಲಾಡಿರಾದು ನಂಗ್ ಬೇಕು.”

ಅದೀಗ ಮದ್ದೂರಿನ ಮನೆಯಲ್ಲಿ, ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದಂತೆ ಇದೆ. ಬಂದವರು ಇದೇನು ಮೋಡದ ಪಟವೇ ಎಂದು ಕೇಳುತ್ತಾರೆ. ಒಳಗಿನಿಂದ ಜಯಮ್ಮ ಏನಾದರೂ ಕೂಗಿದರೆ ಪುಟ್ಟಸ್ವಾಮಿ ಜಗಲಿಯಿಂದ “ಊಂ” ಎನ್ನುತ್ತಾನೆ. ಪಟದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ತಾರೀಖಿದೆ. ಕನ್ನಡಕ ಹಾಕಿಕೊಂಡು ಪಾಸ್‌ಪೋರ್ಟಿನೊಡನೆ ತಾಳೆ ನೋಡಿದೆ. ಸರಿಯಾಗಿದೆ.